ಪೆನ್ಸಿಲ್ ಹಿಡಿಸುವ ತೂತು

ಭಾವ ಆ ದಿನ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. ಹತ್ತಿರದ ನೋವೈ ಊರಿನಿಂದ ಡೆಟ್ರಾಯಿಟ್‌ಗೆ ಕಾರು ಓಡಿಸಿಕೊಂಡು ಬಂದವಳು ಅಕ್ಕ. ಮಿದುಳಿನ ಗೆಡ್ಡೆಗೆ ಆಪರೇಷನ್ ಆದಮೇಲೆ ಭಾವ ಡ್ರೈವ್ ಮಾಡುವ ಹಾಗಿರಲಿಲ್ಲ. ಉಂಗುರ, ಬೆಲ್ಟು ಬಿಚ್ಚಿಟ್ಟು, ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದರು. ಇಷ್ಟಲಿಂಗದ ಬೆಳ್ಳಿ ಕರಡಿಗೆಯೂ ಅಕ್ಕನ ಕೈಚೀಲದಲ್ಲಿತ್ತು. ಸ್ನಾನ ಮಾಡುವಾಗಲೂ ಅದನ್ನು ಕೊರಳಿಂದ ತೆಗೆದವರಲ್ಲ.

ಸ್ಕ್ಯಾನಿನಲ್ಲಿ ಔಷಧಿ ಎದ್ದು ಕಾಣುವಂತೆ ಮಾಡುವುದು ನನ್ನ ಕೆಲಸ ಎಂದು ಅವರಿಗೆ ಗೊತ್ತಿತ್ತು. "ಲ್ಯಾಬ್ ನೋಡೋಕೆ ಬನ್ನಿ" ಎಂದಷ್ಟೇ ಕರೆದಿದ್ದೆ; ಅವರು ಸ್ಕ್ಯಾನಿಗೇ ಸಿದ್ಧರಾಗಿ ಬಂದಿದ್ದರು. ಆಸೆ ಹೊತ್ತವರ ಕಿವಿಯೇ ಬೇರೆ ಎನ್ನುತ್ತಿದ್ದಳು ನಮ್ಮಜ್ಜಿ.

"ಎಲ್ಲಿ ಮಲಗ್ಲಿ?" ಎಂದರು ಭಾವ.

ನಮ್ಮ ಮ್ಯಾಗ್ನೆಟ್ಟು ನೀರಿನ ಡ್ರಮ್ಮಿನಷ್ಟು ದೊಡ್ಡದು. ನಡುವಿನ ತೂತಿನಲ್ಲಿ ಹಿಡಿಸುವುದು ಪೆನ್ಸಿಲ್ ದಪ್ಪದ ಗಾಜಿನ ಕೊಳವೆ. ಅವರು ಬಗ್ಗಿ ನೋಡಿದರು.

"ಇದರಾಗ ನನ್ನ ಕಿರಿಬೆರಳ ಸೈತ ಹೋಗಂಗಿಲ್ಲಲೋ."

ಅಕ್ಕ ನಗಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ ಉತ್ತರ: ನುಂಗುತ್ತಿದ್ದ ಗುಳಿಗೆ, ಆಪರೇಷನ್ನಿನಲ್ಲಿ ತೆಗೆಯಲಾಗದೆ ಉಳಿದ ಗೆಡ್ಡೆಯನ್ನು ಮುಟ್ಟುತ್ತಿದೆಯೇ? ಮುಟ್ಟುವುದಾದರೆ ವಾಂತಿಯನ್ನು ಸಹಿಸುವುದು, ಇಲ್ಲವಾದರೆ ಬಿಟ್ಟುಬಿಡುವುದು.

ಬಂದವರನ್ನು ಹಾಗೇ ಕಳಿಸಲಾರದೆ, ನಾವು ಪರೀಕ್ಷಿಸುತ್ತಿದ್ದ ಬೇರೊಂದು ಔಷಧಿಯ ಕೊಳವೆ ಇಳಿಸಿದೆ. ಪರದೆಯ ಮೇಲೆ ಗೆರೆ ಚಪ್ಪಟೆ. ಅದರೊಳಗೆ ವಿಶೇಷವಾಗಿ ತಯಾರಿಸಿದ ಹೈಡ್ರೋಜನ್ ಗುಳ್ಳೆ ಹಾಯಿಸಿದೆ. ಗೆರೆ ಸೂಜಿಯಂತೆ ಎದ್ದು ನಿಂತಿತು.

"ಔಷಧಿಯ ಕಣಗಳೊಳಗೆ ಪುಟ್ಟ ಪುಟ್ಟ ಆಯಸ್ಕಾಂತ ಇರ್ತವೆ ಭಾವ. ಒಂದೊಂದರ ಮುಖ ಒಂದೊಂದು ಕಡೆ. ಈ ಗ್ಯಾಸ್ ಹಾಯಿಸಿದ್ರೆ, ಮಂಗಳಾರತಿ ಹೊತ್ತಿಗೆ ದೇವಸ್ಥಾನದಲ್ಲಿ ಜನ ತಿರುಗಲ್ವಾ, ಹಾಗೆ ಒಂದೇ ಕಡೆ ತಿರುಗ್ತವೆ. ಆಗ ಕಾಣುತ್ತೆ."

"ಮತ್ತ ಪ್ರಸಾದಕ್ಕ ಓಡೂದು ಯಾವಾಗ?"

"ಒಂದೆರಡು ನಿಮಿಷಕ್ಕೆ."

ಅಷ್ಟರಲ್ಲಿ ಗೆರೆ ಮಲಗಿಬಿಟ್ಟಿತು. ಭಾವ ಕಾರಿನ ಇಂಜಿನಿಯರು, ಲೆಕ್ಕ ತಡವಾಗಲಿಲ್ಲ.

"ನುಂಗಿದ ಗುಳಿಗಿ ನೆತ್ತಿಗೆ ಏರೂದ್ರಾಗ ಗುಡಿ ಖಾಲಿ."

"ಹೌದು. ಇದನ್ನ ಮನುಷ್ಯರಿಗೆ ಕೊಡೋಕೆ ಇನ್ನೂ ಒಪ್ಪಿಗೆನೂ ಇಲ್ಲ."

ಅವರು ಸ್ಟೂಲಿನ ಮೇಲೆ ಕೂತರು. "ಹಂಗಾರ ಇನ್ನ ಗುಳಿಗಿ ಸಾಕು" ಎಂದರು ಅಕ್ಕನಿಗೆ.

ಅಕ್ಕ ನನ್ನ ತೋಳು ಹಿಡಿದಳು. "ಮುಟ್ಟುತ್ತೆ ಅಂತ ಹೇಳೋ. ನಿನ್ನ ಮಾತು ನಂಬ್ತಾರೆ."

"ಗೊತ್ತಿಲ್ಲ ಅಕ್ಕ."

"ಅವನ ಬಾಯಾಗ ಯಾಕ ಸುಳ್ಳು ತುರಕ್ತಿ, ಬಿಡು" ಎಂದರು ಭಾವ.

ಆ ಸಂಜೆಯೇ ಗುಳಿಗೆ ನಿಂತಿತು. ಡಾಕ್ಟರು ಫೋನ್ ಮಾಡಿ ಹೇಳಿದರೂ ಮಣಿಯಲಿಲ್ಲ. ಆ ಚಳಿಗಾಲದ ಹಿಮ ಕರಗುವ ಮೊದಲೇ ತೀರಿಹೋದರು. ಅಷ್ಟು ದಿನ ನುಂಗಿದ್ದು ಮುಟ್ಟಿತ್ತೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ.

ಅಕ್ಕನ ಫೋನು ಈಗ ಅಪರೂಪ. ಬಂದರೂ ಮಗಳ ಓದು, ಚಳಿ, ಅಷ್ಟೇ. ನನ್ನ ಕೆಲಸ ಹೇಗಿದೆ ಎಂದು ಅವಳು ಕೇಳುವುದಿಲ್ಲ.