ಅಪ್ಪನದೆಂದು ಹೇಳಲಾದ ರೋಬೋ ಸೈನ್ಯ

ನನ್ನ ಸೋದರತ್ತೆ ಕಟ್ಟುಹಲ್ಲಿನ ಸೆಟ್ಟು ತಯಾರಿಸುವವಳು. ನಮ್ಮ ಬೀದಿಯ ಅರ್ಧ ಮುದುಕರು ಅವಳ ಕೈಕೆಲಸವನ್ನೇ ಬಾಯಲ್ಲಿಟ್ಟುಕೊಂಡು ಊರವರನ್ನೆಲ್ಲ ಆಡಿಕೊಳ್ಳುತ್ತಾರೆ. ಅತ್ತೆ ಮದುವೆಯ ಗೊಡವೆಗೆ ಹೋಗದೆ ನಮ್ಮ ಜೊತೆಯೇ ಇದ್ದಾಳೆ. ಯಾಕೆಂದು ಕೇಳಿದವರಿಗೆ, "ದಿನವಿಡೀ ಬಾಯಿಗಳ ಜೊತೆ ಹೆಣಗ್ತೀನಿ, ಮನೇಲೂ ಒಂದು ಯಾಕೆ?" ಎನ್ನುತ್ತಾಳೆ.

ಕಳೆದ ತಿಂಗಳು ಗೋಡೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡುವಾಗ ಒಂದು ರಟ್ಟಿನ ಪೆಟ್ಟಿಗೆಯ ತಳ ಕಿತ್ತುಬಂತು. ಡಬ್ಬಿಯಲ್ಲಿ ಬರುವ ಬಿಡಿಭಾಗಗಳನ್ನು ಜೋಡಿಸಿ ಮಾಡಿದ ಹಳೆಯ ಪ್ಲಾಸ್ಟಿಕ್ ರೋಬೋಗಳು ಅಪ್ಪನ ತಲೆಯ ಮೇಲೆ ದಬದಬನೆ ಉದುರಿದವು. ಗೇಣುದ್ದದವು, ಬಣ್ಣಬಣ್ಣದ ಕವಚ, ಬೆರಳುಗಳು ಕೂಡ ಮಡಚುತ್ತಿದ್ದವು.

"ಅಯ್ಯೋ, ಇವು ನನ್ನವು! ಚಿಕ್ಕವನಿದ್ದಾಗ ನಾನೇ ಕೂತು ಕಟ್ಟಿದ್ದು!" ಅಪ್ಪ ಕುಣಿದಾಡಿದರು.

"ನೀನು?" ಎಂದಳು ಏಣಿ ಹಿಡಿದಿದ್ದ ಅತ್ತೆ.

"ಮತ್ತಿನ್ಯಾರು?"

ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ಮನುಷ್ಯ ಇವನ್ನು ಕಟ್ಟಿದರೆಂದು ನಂಬಲು ನನಗೇನು ತಲೆ ಕೆಟ್ಟಿತ್ತೇ? ಆದರೆ ಅವರ ವಾಕಿಂಗ್ ಗೆಳೆಯರು ನಂಬಿದರು. ಭಾನುವಾರ ಅವರನ್ನೆಲ್ಲ ಹಾಲ್‌ನಲ್ಲಿ ಕೂರಿಸಿಕೊಂಡು ಅಪ್ಪ ಬುರುಡೆ ಬಿಟ್ಟದ್ದೇ ಬಿಟ್ಟದ್ದು. ಹೊಗಳಿಕೆ ತಲೆಗೇರಿ, ಒಂದು ರೋಬೋದ ಮುರಿದ ಕೈ ಅಂಟಿಸಿ ತರುತ್ತೇನೆಂದು ಅಡುಗೆಮನೆಗೆ ಬಂದು ಗಮ್ ಹಿಂಡಿದರು. ರೋಬೋದ ಎಡಗೈ ಬಲಭುಜಕ್ಕೆ ಕೂತಿತು. ಅಪ್ಪನ ಎರಡು ಬೆರಳೂ ಅದಕ್ಕೇ ಅಂಟಿಕೊಂಡವು.

"ಅಕ್ಕಾ, ಬಾರೇ ಬೇಗ!"

ಅತ್ತೆ ಗಮ್ ಬಿಡಿಸುವ ಅಸಿಟೋನ್ ಸೀಸೆ ತಂದಳು. ಅದನ್ನು ಸುಮ್ಮನೆ ಸುರಿದರೆ ಪ್ಲಾಸ್ಟಿಕ್ಕೂ ಕರಗುತ್ತದೆ. ಹನಿಹನಿಯಾಗಿ ಬಿಡಿಸುವ ಕೈ ಮನೆಯಲ್ಲಿ ಅವಳೊಬ್ಬಳಿಗೇ ಇದ್ದದ್ದು.

"ಮೊದ್ಲು ಹೇಳು. ಇವನ್ನ ಕಟ್ಟಿದ್ದು ಯಾರು?"

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನೀನೇ ಕಣೇ ಅಕ್ಕ. ನಂಗೆ ಗೊತ್ತಿಲ್ವಾ? ನೀನು ಕಟ್ಟಿದ್ದು ಅಂದಿದ್ರೆ ನಮ್ಮಪ್ಪ ಇನ್ನೊಂದು ಡಬ್ಬಿ ತರ್ತಿದ್ರಾ? ಹುಡುಗಿಗೆ ಯಾಕೆ ಇವೆಲ್ಲ ಅಂತಿದ್ರು. ನಿಂಗೋಸ್ಕರಾನೇ ನಾನು ಹಟ ಮಾಡಿ ತರಿಸ್ತಿದ್ದೆ."

ಅತ್ತೆ ಸೀಸೆಯ ಮುಚ್ಚಳ ತೆಗೆದಳು. ಏನೋ ಹೊಳೆದಂತಾಗಿ ಮತ್ತೆ ಬಿಗಿಯಾಗಿ ಮುಚ್ಚಿದಳು.

"ನಮ್ಮಪ್ಪ ತೀರಿಹೋಗಿ ಎಷ್ಟು ವರ್ಷ ಆಯ್ತೋ? ಆಮೇಲೇನು ನಿನ್ನ ಬಾಯಿಗೆ ಬೀಗ ಬಿದ್ದಿತ್ತಾ?"

ಅಪ್ಪ ಪೆಚ್ಚುಮೋರೆ ಹಾಕಿಕೊಂಡು, ರೋಬೋ ನೇತಾಡುವ ಕೈಯೊಂದಿಗೇ ಹಾಲ್‌ಗೆ ನಡೆದರು.

"ಇವನ್ನೆಲ್ಲ ಕಟ್ಟಿದ್ದು ನಮ್ಮಕ್ಕ. ನಾನು ಬರೀ ಡಬ್ಬಿ ಬಿಚ್ಚಿದವನು. ಇಷ್ಟು ಹೊತ್ತು ಹೇಳಿದ್ದು ಸುಳ್ಳು."

ಗೆಳೆಯರಲ್ಲೊಬ್ಬರು ಒಂದು ರೋಬೋ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು.

"ಈ ಬೆರಳುಗಳನ್ನ ಹೇಗಮ್ಮಾ ಜೋಡಿಸಿದ್ರಿ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕುರ್ಚಿ ಎಳೆದು ಕೂತು ಹೇಳಲು ಶುರುಮಾಡಿದಳು. ಅಪ್ಪನ ಬೆರಳು ಬಿಡಿಸಬೇಕೆಂಬುದು ಸಂಜೆಯವರೆಗೂ ಅವಳಿಗೆ ನೆನಪಾಗಲಿಲ್ಲ. ನೆನಪಿಸುವ ಧೈರ್ಯ ಅಪ್ಪನಿಗೂ ಬರಲಿಲ್ಲ.