ಹೆಬ್ಬೆರಳು ನಂಬಿದ ಬೇಡಿ

ಮಾವ ಕುದಿಯುವ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದು ನನ್ನ ಕಣ್ಣಿಂದ ಹೋಗುತ್ತಲೇ ಇಲ್ಲ. ಇಕ್ಕಳ ಪಕ್ಕದಲ್ಲೇ ಇತ್ತು. ಹಾಲು ಉಕ್ಕಿ ಬರುತ್ತಿತ್ತು, ನಾನು ಮಗಳ ಬಾಯಿ ಒರೆಸುತ್ತಿದ್ದೆ. ಅವರು ಎದ್ದು ಬಂದು ಪಾತ್ರೆಯ ಅಂಚನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಎತ್ತಿ, ಕಟ್ಟೆಯ ಮೇಲೆ ನಿಧಾನವಾಗಿ ಇಟ್ಟರು. ನಿಧಾನವಾಗಿ! ಅದೇ ನನ್ನನ್ನು ಹೆದರಿಸಿದ್ದು. ಬಿಸಿ ತಾಗಿದವರು ಹಾಗೆ ಇಡುವುದಿಲ್ಲ. ದಡಕ್ಕನೆ ಕುಕ್ಕುತ್ತಾರೆ, ಕೈ ಕೊಡವುತ್ತಾರೆ, ಹಾಲಿಗೂ ಒಲೆಗೂ ಸೊಸೆಗೂ ಸೇರಿಸಿ ಬಯ್ಯುತ್ತಾರೆ. ಇವರು ಕೈಯನ್ನು ಅಂಗಿಗೆ ಒರೆಸಿಕೊಂಡು, "ಸಕ್ಕರೆ ಎಲ್ಲಿಟ್ಟಿದ್ದೀಯಮ್ಮ?" ಎಂದರು.

ಸಂಜೆಯ ಹೊತ್ತಿಗೆ ಎರಡೂ ಹೆಬ್ಬೆರಳಲ್ಲಿ ಗುಳ್ಳೆ ಎದ್ದಿತ್ತು. ಅವುಗಳನ್ನು ಬೇರೆ ಯಾರದೋ ಬೆರಳು ನೋಡುವ ಹಾಗೆ ನೋಡಿಕೊಂಡರು.

"ಮಾವ, ಉರಿ ಗೊತ್ತಾಗ್ಲೇ ಇಲ್ವಾ ನಿಮಗೆ?"

"ಕಬ್ಬಿಣ ಹಿಡಿದೂ ಹಿಡಿದೂ ಹದವಾಗಿರೋ ಚರ್ಮ ಕಣಮ್ಮ ಇದು. ಹಾಲಿಗೆಲ್ಲ ಹೆದರುತ್ತಾ?"

ನಕ್ಕರು. ಆದರೆ ನಗುತ್ತಲೇ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಅವರಿಗೆ ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಆಸ್ಪತ್ರೆಯ ಗೋಡೆಯಲ್ಲಿ ಅದರ ಚಿತ್ರ ಹಾಕಿರುತ್ತಾರಲ್ಲ, ಕೈಕಾಲಿನ ತುದಿಗಳಿಗೆ ಕಪ್ಪು ಬಣ್ಣ ಹಚ್ಚಿ, ಸ್ಪರ್ಶ ಸಾಯುವುದು ಇಲ್ಲಿಂದ ಎಂದು ಬರೆದು? ಮಗಳಿಗೆ ಚುಚ್ಚುಮದ್ದು ಹಾಕಿಸಲು ಸಾಲಿನಲ್ಲಿ ಕೂತಾಗಲೆಲ್ಲ ನಾನು ಓದಿದ್ದು ಅದನ್ನೇ.

ಗಂಡನಿಗೆ ಹೇಳಿದೆ. "ರೀ, ನಿಮ್ಮಪ್ಪನ ಬೆರಳಿಗೆ ಏನೋ ಆಗಿದೆ."

"ಹೋದ ವಾರ ನನ್ನ ಕೆಮ್ಮಿಗೆ ಏನೋ ಆಗಿತ್ತು. ಅದರ ಹಿಂದಿನ ವಾರ ಗ್ಯಾಸ್ ಪೈಪಿಗೆ ಏನೋ ಆಗಿತ್ತು," ಎಂದರು. "ಚಿಂತೆ ಮಾಡೋಕೆ ಏನೂ ಸಿಗದೇ ಇದ್ರೆ, ಏನೂ ಸಿಗ್ತಿಲ್ವಲ್ಲಾ ಅಂತ ಚಿಂತೆ ಮಾಡೋಳು ನೀನು."

ಮಾತು ಸುಳ್ಳಲ್ಲ. ಮಗು ಹುಟ್ಟಿದ ಮೇಲೆ ನನ್ನ ತಲೆಯೊಳಗೆ ಒಂದು ಕಾವಲು ನಾಯಿ ಸೇರಿಕೊಂಡಿದೆ. ಎಲೆ ಬಿದ್ದರೂ ಬೊಗಳುತ್ತದೆ. ಆದರೆ ಈ ಸಲ ಅದು ಬೊಗಳುತ್ತಿರಲಿಲ್ಲ. ಕಿವಿ ನೆಟ್ಟಗೆ ಮಾಡಿ ಸುಮ್ಮನೆ ಕೂತಿತ್ತು. ಯಾಕೆ ಎಂದು ತಿಳಿಯಬೇಕಾದರೆ ಮಾವನ ಕೆಲಸ ಏನೆಂದು ಹೇಳಬೇಕು.

ಅವರು ಹರೆಯದಿಂದಲೂ ಕಬ್ಬಿಣದವರು. ಕಿಟಕಿಗೆ ಸರಳು, ಗೇಟು, ಅಂಗಡಿ ಬಾಗಿಲಿಗೆ ಚಿಲಕ, ತಿಜೋರಿಗೆ ಕೀಲು. ನಮ್ಮ ಊರಿನ ಅರ್ಧ ಮನೆಗಳ ಕಿಟಕಿ ಅವರದೇ ಕೈಕೆಲಸ. "ಇಡೀ ಊರನ್ನ ಕಂಬಿ ಹಿಂದೆ ಹಾಕಿದೋನು ನಾನು, ಒಬ್ಬ ಜಡ್ಜಿಗೂ ಅಷ್ಟು ಜನರನ್ನ ಹಾಕೋಕಾಗಿಲ್ಲ," ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಹೇಳಿ ತಾವೇ ಮೊದಲು ನಗುತ್ತಿದ್ದರು. ಆಮೇಲೆ ಕಾರ್ಖಾನೆಯಿಂದ ರೆಡಿಮೇಡ್ ಕಿಟಕಿಗಳು ಬಂದವು. ವರ್ಕ್‌ಶಾಪು ಮುಚ್ಚಿತು. ಅತ್ತೆ ಹೋದರು. ನಾನು ಸೊಸೆಯಾಗಿ ಬಂದಾಗ ಅವರು ದಿನವಿಡೀ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ.

ಅವರನ್ನು ಮತ್ತೆ ಮನುಷ್ಯರನ್ನಾಗಿ ಮಾಡಿದ್ದು ಒಂದು ಟಿವಿ ಧಾರಾವಾಹಿ. ಹಿಂದಿನ ಕಾಲದ ಕಥೆ: ದೊರೆಗಳು ಅಪರಾಧಿಗಳನ್ನು ಹಡಗಿಗೆ ತುಂಬಿ, ಸಮುದ್ರದಾಚೆಯ ದ್ವೀಪಕ್ಕೆ ಸಾಗಿಸಿ, ಸಾಯುವವರೆಗೆ ಕಲ್ಲು ಒಡೆಸುತ್ತಿದ್ದ ಕಥೆ. ಅದಕ್ಕೆ ರಾಶಿ ರಾಶಿ ಬೇಡಿ ಬೇಕಿತ್ತು. ಮೊದಲು ರಬ್ಬರಿನದು ತಂದರಂತೆ. ಡೈರೆಕ್ಟರಿಗೆ ಹಿಡಿಸಲಿಲ್ಲ. ಹಗುರ ಬೇಡಿ ಹಾಕಿಕೊಂಡವನ ನಡಿಗೆಯಲ್ಲೇ ಸುಳ್ಳು ಕಾಣುತ್ತದೆ ಎಂದು ಹಟ ಹಿಡಿದು, ಹಳೆಯ ಕಬ್ಬಿಣದವರನ್ನು ಹುಡುಕಿಸಿದರು. ಮಾವ ಹಿತ್ತಲಿನ ಶೆಡ್ಡಿನ ಬೀಗ ತೆಗೆದರು. ಸುತ್ತಿಗೆ, ಅರ, ವೈಸ್ ಎಲ್ಲಕ್ಕೂ ಎಣ್ಣೆ ಬಿತ್ತು. ನಮ್ಮ ಮನೆಗೆ ಹಗಲಿಡೀ ಸರಪಳಿಯ ಸದ್ದು ಬಂತು.

ಆ ಸದ್ದು ನನಗೆ ಎಂದೂ ಅಭ್ಯಾಸವಾಗಲಿಲ್ಲ. ಮಗಳಿಗೆ ಮಾತ್ರ ಎಷ್ಟು ಅಭ್ಯಾಸವಾಯಿತೆಂದರೆ, ಸ್ನಾನಕ್ಕೆ ಬಾ ಎಂದರೆ ಎರಡೂ ಮುಂಗೈ ಜೋಡಿಸಿ ಮುಂದೆ ಚಾಚುತ್ತಾಳೆ, ಬೇಡಿ ಹಾಕಿ ಕರೆದೊಯ್ಯಿ ಎಂಬಂತೆ. ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮಾವ ಎರಡು ಬಗೆಯ ಬೇಡಿ ಮಾಡುತ್ತಿದ್ದರು. ಒಂದು ಅಪ್ಪಟ ಕಬ್ಬಿಣದ್ದು. ಕಾಲಿಗೆ ಹಾಕಿ ಬಿಗಿದರೆ, ಅವರ ಸೊಂಟದಲ್ಲಿ ನೇತಾಡುವ ಕೀಲಿಯಿಂದಲೇ ಬಿಚ್ಚಬೇಕು. ಇನ್ನೊಂದು ನೋಡಲು ಥೇಟ್ ಅದೇ ತರಹ, ಆದರೆ ಕೀಲಿನ ಒಳಗೆ ಸ್ಪ್ರಿಂಗ್. ಕಾಲನ್ನು ಸುತ್ತಿ ಹಿಡಿಯುವ ಬಳೆಯನ್ನು ಪಕ್ಕದಿಂದ ಒತ್ತಿದರೆ ಪಟ್ಟನೆ ಬಾಯಿ ಬಿಡುತ್ತದೆ. ಬೆಂಕಿ, ಎತ್ತರ, ನೀರು, ಇಂಥ ದೃಶ್ಯಗಳಿಗೆ ಅದು. ಅದಕ್ಕೆ 'ಬಿಚ್ಚೋದು' ಎಂದೇ ಹೆಸರು.

ಎರಡಕ್ಕೂ ಮೇಲಿಂದ ಒಂದೇ ತುಕ್ಕಿನ ಬಣ್ಣ. ಬಣ್ಣ ಒಣಗಿದ ಮೇಲೆ 'ಬಿಚ್ಚೋದ'ನ್ನು ಒತ್ತಿ ನೋಡುವಂತಿಲ್ಲ, ಕೀಲಿನ ಬಳಿ ಬಣ್ಣ ಸೀಳುತ್ತದೆ, ಕ್ಯಾಮೆರಾ ಹಿಡಿದುಬಿಡುತ್ತದೆ. ಅದಕ್ಕೇ ಮಾವ ಬಳೆಯ ಒಳಮೈಯಲ್ಲಿ ಅರದಿಂದ ಉಗುರಿನಷ್ಟು ಒಂದು ಕಚ್ಚು ಹಾಕುತ್ತಿದ್ದರು. ಪೆಟ್ಟಿಗೆಗೆ ತುಂಬುವಾಗ ಹೆಬ್ಬೆರಳನ್ನು ಒಳಗೆ ಆಡಿಸುತ್ತಿದ್ದರು. ಕಚ್ಚು ಸಿಕ್ಕರೆ ಬಿಚ್ಚೋದು, ಸಿಗದಿದ್ದರೆ ಅಪ್ಪಟ.

"ಒಂದು ಚೀಟಿ ಕಟ್ಟಬಾರದಾ ಮಾವ?" ಎಂದು ಒಮ್ಮೆ ಕೇಳಿದ್ದೆ.

"ಚೀಟಿ ಬಿದ್ದೋಗುತ್ತೆ. ಹೆಬ್ಬೆರಳು ಬಿದ್ದೋಗುತ್ತಾ?"

ಈಗ ಗೊತ್ತಾಯಿತಲ್ಲ, ಆ ಹಾಲಿನ ಪಾತ್ರೆ ನನ್ನ ಕಣ್ಣಿಂದ ಯಾಕೆ ಹೋಗಲಿಲ್ಲ ಎಂದು.

ಹೇಳಬಹುದಿತ್ತು. ಯಾರಿಗೆ? ಶೂಟಿಂಗಿನ ಮ್ಯಾನೇಜರಿಗೆ ಹೇಳಿದರೆ ಮರುದಿನವೇ ಪೆಟ್ಟಿಗೆ ಮಾವನ ಕೈ ತಪ್ಪುತ್ತದೆ. ಮತ್ತೆ ಆ ಗೋಡೆ, ಮತ್ತೆ ಆ ಕುರ್ಚಿ. ಬರೀ ನನ್ನ ಅನುಮಾನ ನಂಬಿ ಒಬ್ಬರ ಬದುಕನ್ನು ಮತ್ತೆ ಬೀಗ ಹಾಕಿ ಮುಚ್ಚಿಸುವುದೇ? ಅಲ್ಲದೆ ಆ ಮ್ಯಾನೇಜರಿಗೆ ನಾನೆಂದರೆ ತಮಾಷೆ. ಮಗಳು ಗುಂಡಿ ನುಂಗಿದಳೆಂದು ಒಮ್ಮೆ ಫೋನ್ ಮಾಡಿ ಮಾವನನ್ನು ಕರೆಸಿದ್ದೆ; ಗುಂಡಿ ಸೋಫಾದ ಸಂದಿಯಲ್ಲಿ ಸಿಕ್ಕಿತು. ಅಂದಿನಿಂದ ಸೆಟ್ಟಿನಲ್ಲಿ ಫೋನ್ ಹೊಡೆದುಕೊಂಡರೆ ಸಾಕು, "ಗುಂಡಿ ಮೇಡಂ ಇರಬೇಕು ನೋಡ್ರೋ" ಎನ್ನುತ್ತಾರಂತೆ.

ನೀರಿನ ದೃಶ್ಯದ ಹಿಂದಿನ ಸಂಜೆ ಕಡ್ಡಿ ಪೈಲ್ವಾನ ಮನೆಗೆ ಬಂದ. ಧಾರಾವಾಹಿಯಲ್ಲಿ ಕೈದಿಗಳ ಸಾಲಿನಲ್ಲಿ ಸದಾ ಕೊನೆಗೆ ನಿಲ್ಲುವವನು ಅವನೇ. ಗಾಳಿ ಬೀಸಿದರೆ ಬಾಗುವ ಹಾಗಿದ್ದಾನೆ, ಅದಕ್ಕೇ ಆ ಹೆಸರು. ಕಾಲಿನ ಅಳತೆ ಕೊಡುವ ನೆಪದಲ್ಲಿ ಬಂದು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಲೆಲ್ಲ ಸುತ್ತಿದ.

"ಅಕ್ಕಾ, ನಾಳೆ ನಾನು ಹೀರೋ," ಎಂದ. "ದೋಣಿಯಿಂದ ಕೆರೆಗೆ ಹಾರ್ತೀನಿ. ಟಿವಿಯಲ್ಲಿ ಅದು ಸಮುದ್ರ. ತಪ್ಪಿಸ್ಕೊಳ್ಳೋಕೆ ಹಾರಿದ ಕೈದಿ ಬೇಡಿ ಭಾರಕ್ಕೆ ಮುಳುಗಿ ಸಾಯ್ತಾನೆ. ಒದ್ದಾಡಿದಷ್ಟೂ ಒಳ್ಳೇದು, ತಾವು ಹೇಳೋವರೆಗೂ ಯಾರೂ ಹತ್ತಿರ ಹೋಗ್ಬಾರ್ದು ಅಂದಿದ್ದಾರೆ ಡೈರೆಕ್ಟ್ರು."

"ನಿನಗೆ ಈಜು ಬರುತ್ತಾ?"

"ಬರುತ್ತೆ, ಕಲ್ಲಿಗೆ ಬರೋಷ್ಟು. ಒದ್ದಾಡಿ, ಬೇಡಿ ಒತ್ತಿ ಬಿಚ್ಕೊಂಡು, ದೋಣಿ ಆ ಕಡೆ ಹಗ್ಗ ಹಿಡಿಯೋದು. ಅಷ್ಟೇ. ಯಜಮಾನ್ರ ಬೇಡಿ ಇರುವಾಗ ನಂಗೇನು ಭಯ? ಹೂವು ಬಿಚ್ಚಿದ ಹಾಗೆ ಬಿಚ್ಚುತ್ತೆ."

ಮಾವ ಶೆಡ್ಡಿನೊಳಗಿಂದ ಕೂಗಿದರು: "ಮೊದಲು ಒಂದಿಷ್ಟು ಊಟ ಮಾಡೋ. ನಿನ್ನ ಕಾಲಿಗೆ ಬೇಡಿ ಅಲ್ಲ, ಉಂಗುರ ಸಾಕು."

ಪೈಲ್ವಾನ ಬಿದ್ದು ಬಿದ್ದು ನಕ್ಕ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾವನ ಮುಂದೆ ಎರಡು ಬೇಡಿ ಉಳಿದಿದ್ದವು. ಒಂದರ ಬಳೆಯೊಳಗೆ ಹೆಬ್ಬೆರಳು ಆಡಿಸಿದರು. ಇನ್ನೊಂದರೊಳಗೆ ಆಡಿಸಿದರು. ಮತ್ತೆ ಮೊದಲಿನದಕ್ಕೆ ಬಂದರು. ಒಂದು ಗಳಿಗೆ ಅವರ ಮುಖ, ಕತ್ತಲಲ್ಲಿ ಮೆಟ್ಟಿಲು ಹುಡುಕುವವರ ಮುಖದ ಹಾಗಾಯಿತು. ಆಮೇಲೆ ಒಂದನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು. ನನ್ನನ್ನು ಕಂಡು, "ಏನಮ್ಮ, ಅಲ್ಲೇ ನಿಂತೆ?" ಎಂದರು.

"ಏನಿಲ್ಲ ಮಾವ."

ಮುಂಜಾನೆ ವ್ಯಾನು ಬಂತು. ಪೆಟ್ಟಿಗೆ ಹೋಯಿತು, ಮಾವ ಹೋದರು, ಗಂಡನೂ ಕೆಲಸಕ್ಕೆ ಹೋದರು. ನಾನು ಬಟ್ಟೆ ಒಗೆದೆ, ಮಗಳಿಗೆ ಉಣಿಸಿದೆ. ಎರಡು ಸಲ ಫೋನ್ ಎತ್ತಿ ಇಟ್ಟೆ. ಏನೆಂದು ಹೇಳುವುದು? ಮಾವ ಹಾಲಿನ ಪಾತ್ರೆ ನಿಧಾನವಾಗಿ ಇಟ್ಟರು ಎಂದೇ?

ಪಾತ್ರೆ ತೊಳೆಯುತ್ತಿರುವಾಗ ಹಿತ್ತಲಿನಿಂದ ಸರಪಳಿ ಎಳೆಯುವ ಸದ್ದು ಬಂತು.

ಮನೆಯಲ್ಲಿ ಮಾವ ಇರಲಿಲ್ಲ. ಕೈಯಲ್ಲಿದ್ದ ಲೋಟ ಜಾರಿತು. ಓಡಿದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಮಗಳು ನೆಲದ ಮೇಲೆ ಕೂತು, ಮನೆಯಲ್ಲೇ ಉಳಿದಿದ್ದ ಬೇಡಿಯ ಬಳೆಯೊಳಗೆ ತನ್ನ ಪುಟ್ಟ ಕಾಲು ತೂರಿಸಿಕೊಂಡು, ಸರಪಳಿಯನ್ನು ನೆಲಕ್ಕೆ ಬಡಿಯುತ್ತಿದ್ದಳು. "ಅಮ್ಮಾ, ನಾನು ಪೈಲ್ವಾನ," ಎಂದಳು.

ಬಳೆ ಅವಳ ಕಾಲಿಗೆ ಎಷ್ಟೋ ದೊಡ್ಡದು, ಸಲೀಸಾಗಿ ಕಳಚಿತು. ಉಸಿರು ಬಂತು. ಬಯ್ಯಲು ಬಾಯಿ ತೆರೆದು, ಬೇಡಿಯನ್ನು ಮೇಲಿನ ಹಲಗೆಗೆ ಇಡಲು ಎತ್ತಿದೆ. ನನ್ನ ಹೆಬ್ಬೆರಳು ಬಳೆಯ ಒಳಕ್ಕೆ ಹೋಯಿತು. ಅಲ್ಲಿ ಏನೋ ತಡೆಯಿತು.

ಉಗುರಿನಷ್ಟು. ಚೂಪಾಗಿ.

ಇಲ್ಲ, ತುಕ್ಕಿನ ಚೂರು ಇರಬೇಕು, ಬಣ್ಣದ ಗಂಟು ಇರಬೇಕು ಎಂದುಕೊಂಡೆ. ಬೆಳಕಿಗೆ ಹಿಡಿದರೆ ಬಣ್ಣದ ಮರೆಯಲ್ಲಿ ಏನೂ ಕಾಣದು. ಮತ್ತೆ ಬೆರಳಾಡಿಸಿದೆ. ಇತ್ತು. ಆಮೇಲೆ, ಯಾರೂ ಮಾಡಬಾರದ್ದನ್ನು ಮಾಡಿದೆ. ಬಳೆಯನ್ನು ಮುಚ್ಚಿ, ಎರಡೂ ಕೈಯಿಂದ ಪಕ್ಕದಿಂದ ಒತ್ತಿದೆ. ಪಟ್ಟನೆ ಬಾಯಿ ಬಿಟ್ಟಿತು. ಕೀಲಿನ ಬಳಿ ತುಕ್ಕಿನ ಬಣ್ಣ ಸೀಳಿ, ಒಳಗಿನ ಕಬ್ಬಿಣ ಹೊಸದಾಗಿ ಹೊಳೆಯಿತು.

ಬಿಚ್ಚೋದು ನನ್ನ ಕೈಯಲ್ಲಿತ್ತು. ಹಾಗಾದರೆ ಅಪ್ಪಟವಾದದ್ದು ಈಗ ಕೆರೆಯ ಮೇಲೆ, ಪೈಲ್ವಾನನ ಕಾಲಿನಲ್ಲಿ. ಅವನು ನೀರಿನಡಿಯಲ್ಲಿ ಒತ್ತುತ್ತಾನೆ. ಬಿಚ್ಚುವುದಿಲ್ಲ. ಮತ್ತೆ ಒತ್ತುತ್ತಾನೆ. ದೋಣಿಯ ಮೇಲಿನವರು ನೋಡುತ್ತಾರೆ, ಎಷ್ಟು ಚೆನ್ನಾಗಿ ಒದ್ದಾಡುತ್ತಿದ್ದಾನೆ ಎನ್ನುತ್ತಾರೆ. ಯಾರೂ ಹತ್ತಿರ ಹೋಗುವುದಿಲ್ಲ. ಕೊನೆಗೆ ಡೈರೆಕ್ಟರ್ ಚಪ್ಪಾಳೆ ತಟ್ಟಿದರೂ ತಟ್ಟಿಯಾರು.

ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಓಡಿದೆ. ಸೆಟ್ಟಿನಲ್ಲಿ ಮಾವನ ಫೋನು ಆಫ್ ಇರುತ್ತದೆ. ಉಳಿದವನು ಮ್ಯಾನೇಜರ್ ಒಬ್ಬನೇ. ಅವನಿಗೆ ಫೋನ್ ಮಾಡಿದೆ. ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಸೊಂಟದ ಮೇಲೆ ಮಗಳು ಕುಣಿಯುತ್ತಿದ್ದಳು. ಗಂಟೆ ನಿಂತಿತು. ಮತ್ತೆ ಒತ್ತಿದೆ.

"ಏನ್ ಮೇಡಂ," ಎಂದ ಮ್ಯಾನೇಜರ್ ಪಿಸುಮಾತಿನಲ್ಲಿ, "ಮತ್ತೆ ಗುಂಡಿನಾ? ಟೇಕ್ ರೆಡಿ ಇದೆ ಇಲ್ಲಿ."

"ಪೈಲ್ವಾನ ಹಾರಿದ್ನಾ?"

"ದೋಣಿ ಅಂಚಲ್ಲಿ ನಿಂತಿದ್ದಾನೆ. ಆಮೇಲೆ ಮಾಡಿ."

"ನಿಲ್ಸಿ! ಅವನ ಕಾಲಲ್ಲಿರೋದು ಅಪ್ಪಟ ಬೇಡಿ. ಬಿಚ್ಚೋದು ಇಲ್ಲಿದೆ, ನನ್ನ ಕೈಲಿದೆ."

"ಅದೆಂಗಾಗುತ್ತೆ? ನಿಮ್ಮ ಮಾವನೇ ಈಗ ತಾನೇ ಹಾಕಿದ್ರು. ಬೆರಳಿಟ್ಟು ನೋಡೇ ಹಾಕಿದ್ರು, ನಾನೇ ಕಂಡಿದ್ದೀನಿ."

ಆ ಮಾತು ಹೇಳದೆ ಬೇರೆ ದಾರಿ ಇರಲಿಲ್ಲ.

"ಅವರ ಬೆರಳಿಗೆ ಗೊತ್ತಾಗಲ್ಲ," ಎಂದೆ. "ಬಿಸಿ ಗೊತ್ತಾಗಲ್ಲ, ಚೂಪು ಗೊತ್ತಾಗಲ್ಲ, ಏನೂ ಗೊತ್ತಾಗಲ್ಲ. ನಾನು ನೋಡಿದ್ದೀನಿ. ನಿಲ್ಸಿ ಅಂದ್ರೆ!"

ಆ ಕಡೆಯಿಂದ "ಕಟ್! ಕಟ್! ಹಿಡ್ಕೊಳ್ರೋ ಅವನನ್ನ!" ಎಂಬ ಅರಚಾಟ, ಓಡುವ ಕಾಲುಗಳು, ಯಾರೋ ಯಾರನ್ನೋ ಬಯ್ಯುವುದು. ಮಗಳು ಫೋನಿಗೆ ಕಿವಿ ಹಚ್ಚಲು ಎಳೆಯುತ್ತಿದ್ದಳು. ನಂತರ ಹತ್ತಿರದಲ್ಲೇ, ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಉಸಿರು.

"ಏನಮ್ಮ?" ಎಂದರು ಮಾವ.

"ಕಚ್ಚು ಇರೋದು ಮನೇಲೇ ಇದೆ ಮಾವ. ಒತ್ತಿ ನೋಡ್ಬಿಟ್ಟೆ. ಬಣ್ಣ ಸೀಳಿ ಹೋಯ್ತು."

ಅವರು ಫೋನನ್ನು ಎಲ್ಲೋ ಇಟ್ಟರು, ಆದರೆ ಕರೆ ಕಡಿಯಲಿಲ್ಲ. ದೋಣಿಯ ಹಲಗೆಯ ಮೇಲೆ ನಿಧಾನದ ಹೆಜ್ಜೆಗಳು ದೂರವಾದವು. ಸೊಂಟದ ಕೀಲಿ ಕಿಣಿಗುಟ್ಟಿತು. ಕಬ್ಬಿಣ ತಿರುಗುವ ಸದ್ದು, ಆಮೇಲೆ ಅದು ಹಲಗೆಗೆ ಬಿದ್ದ ಭಾರದ ಸದ್ದು. ಮತ್ತೆ ದೂರದಿಂದ ಪೈಲ್ವಾನನ ದನಿ, ಏನೂ ತಿಳಿಯದವನ ಅದೇ ನಗುವಿನ ದನಿ:

"ಯಾಕೆ ಬಿಚ್ತಿದ್ದೀರಾ ಯಜಮಾನ್ರೇ? ನಾನಿನ್ನೂ ಒದ್ದಾಡೇ ಇಲ್ವಲ್ಲ?"

ಮಾವ ಏನೆನ್ನುತ್ತಾರೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾದೆ.