ಕಾವೇರಮ್ಮನಿಗೆ ಮುಟ್ಟದ ಬಾಗಿನ

ನನ್ನ ಮಗಳ ಹೆರಿಗೆ ಕಷ್ಟವಾದಾಗ ಅತ್ತೆಯವರು ಕಾವೇರಮ್ಮನಿಗೆ ಬಾಗಿನದ ಹರಕೆ ಹೊತ್ತರು. ತಾಯಿ, ಮಗು ಇಬ್ಬರೂ ಉಳಿದರು, ದೇವರು ದೊಡ್ಡವನು. ಆದರೆ ಹರಕೆ ತೀರಿಸುವ ಹೊತ್ತಿಗೆ ಅತ್ತೆಯವರ ಮಂಡಿ ಕೈಕೊಟ್ಟಿತ್ತು. ಹಾಗಾಗಿ ನಮ್ಮ ಬಸವೇಶ್ವರನಗರದ ಭಜನೆಯವರು ವ್ಯಾನು ಮಾಡಿಕೊಂಡು ಕೊಡಗಿಗೆ ಹೊರಟಾಗ ಬಾಗಿನ ನನ್ನ ಕೈಗೆ ಬಂತು.

ಮೊರಗಳಿಗೆ ಅತ್ತೆಯವರೇ ಕೂತು ಅರಿಶಿನ ಬಳಿದಿದ್ದರು. ಒಳಗಿನದು ಮಾತ್ರ ರಾಜಾಜಿನಗರದ ಗ್ರಂಥಿಗೆ ಅಂಗಡಿಯ ಸೆಟ್ಟು. ಬಳೆ, ಬಿಚ್ಚೋಲೆ, ಕನ್ನಡಿ, ಕುಂಕುಮ, ಬೇಳೆ, ಎಲ್ಲವೂ ಪ್ಲಾಸ್ಟಿಕ್ ಪೊಟ್ಟಣದಲ್ಲಿ. ಈಗ ಎಲ್ಲ ಕಡೆ ಸಿಗುವುದು ಹಾಗೇ.

“ನೀರಿಗೇ ಬಿಡ್ಬೇಕು ಕಣಮ್ಮ. ದಡದಲ್ಲಿಟ್ಟು ಬಂದ್ಬಿಡ್ಬೇಡ,” ಎಂದು ಗೋಡೆ ಹಿಡಿದುಕೊಂಡು ಗೇಟಿನವರೆಗೂ ಬಂದು ಹೇಳಿದರು.

ಕಾವೇರಿ ಹುಟ್ಟುವ ಬೆಟ್ಟದ ಮೇಲೆ ದರ್ಶನ ಚೆನ್ನಾಗಿಯೇ ಆಯಿತು. ಇಳಿಯುವಾಗ, ಕಾವೇರಿಗೆ ಸೇರುವ ಒಂದು ಹಳ್ಳದ ಹತ್ತಿರ ವ್ಯಾನು ನಿಂತಿತು. ಜೊತೆಯವರು ಒಬ್ಬೊಬ್ಬರಾಗಿ ಬಾಗಿನ ಬಿಟ್ಟರು. ಅವು ಸ್ವಲ್ಪ ದೂರ ತೇಲಿ, ತಿರುವಿನ ಬಂಡೆಗೆ ಸಿಕ್ಕಿ ನಿಂತವು. ಅಲ್ಲಿ ಮೊದಲೇ ಬಂದವರ ಮೊರಗಳು ಕೊಳೆಯುತ್ತಿದ್ದವು. ಪೊಟ್ಟಣಗಳು ಮಾತ್ರ ಕೊಳೆತಿರಲಿಲ್ಲ. ಆ ಬಂಡೆಯ ಕೆಳಗಡೆಯೇ ಒಬ್ಬ ಹೆಂಗಸು ಕೊಡ ಹಿಡಿದು ನಿಂತಿದ್ದಳು.

“ಸಾಕು ಅಕ್ಕಾ. ನಾವು ಕುಡಿಯೋದು ಇದನ್ನೇ.”

ಜೊತೆಗೆ ಬಂದಿದ್ದ ನಮ್ಮ ಎದುರುಮನೆಯವರು ನಕ್ಕರು. “ನಾವೂ ಇದನ್ನೇ ಕಣಮ್ಮ ಕುಡಿಯೋದು. ನಮ್ ಕುಂಕುಮ ನಮ್ ನಲ್ಲೀಲೇ ಪ್ರಸಾದವಾಗಿ ಬರತ್ತೆ ಬಿಡು!”

“ನಿಮಗೆ ಶುದ್ಧ ಮಾಡಿ ಕಳಿಸ್ತಾರೆ. ನಮಗೆ ಯಾರು ಮಾಡ್ತಾರೆ?”

ಬಾಗಿನ ಬಿಡದೆ ಉಳಿದಿದ್ದವಳು ನಾನೊಬ್ಬಳೇ. ಬಾಗಿನ ಸಲ್ಲುವುದು ಮುತ್ತೈದೆಗೆ. ಕಾವೇರಮ್ಮನೂ ಮುತ್ತೈದೆಯೆಂದೇ ತಾನೇ ಅವಳಿಗೆ ಕೊಡುವುದು? ಕೊಡ ಹಿಡಿದವಳ ಕೊರಳಲ್ಲಿ ಕರಿಮಣಿ ಇತ್ತು. ಕಾವೇರಿ ತಾಯಿಯನ್ನು ನೆನೆದು, ಮೊರದ ಮೇಲೆ ಸೆರಗು ಹೊದಿಸಿ ಆಕೆಗೇ ಕೊಟ್ಟೆ. ಆಕೆ ಒದ್ದೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಆಮೇಲೆ ನನ್ನ ಬಾಟಲಿ ಇಸಿದುಕೊಂಡು, ನಾವು ನಿಂತಿದ್ದ ಜಾಗಕ್ಕಿಂತ ಮೇಲೆ ಹತ್ತಿ ಹೋಗಿ ತಿಳಿನೀರು ತುಂಬಿ ತಂದಳು. ಅತ್ತೆಯವರಿಗೆ ಕೊಡಲು ಅಷ್ಟು ತೀರ್ಥವಾದರೂ ಸಿಕ್ಕಿತಲ್ಲ ಎಂದುಕೊಂಡೆ.

ಮನೆಗೆ ಬಂದಾಗ ಅತ್ತೆಯವರು ಕೇಳಿದ್ದು ಒಂದೇ ಮಾತು. “ಬಿಟ್ಯಾ?”

ಆದದ್ದನ್ನು ಆದ ಹಾಗೇ ಹೇಳಿದೆ. ನೀರು ಕೆಡುತ್ತೆ ಅಂತ, ಅತ್ತೆ, ಎಂದೆ.

“ಆ ತಾಯಿ ಕೆಡ್ತಾಳೇನೇ? ನಾನು ಅಂದ್ಕೊಂಡಿದ್ದು ಅವಳಿಗೆ. ಮಗು ಮೇಲಿನ ಹರಕೆ ಕಣೇ ಅದು!” ಬಾಟಲಿಯನ್ನು ಅವರು ಮುಟ್ಟಲಿಲ್ಲ. ಅದು ಇನ್ನೂ ದೇವರ ಗೂಡಿನಲ್ಲೇ ಇದೆ.

ನಾನು ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ಅಷ್ಟು ಎತ್ತರದ ಹಳ್ಳವೂ ಒಬ್ಬ ಮುದುಕಿಯ ಒಂದು ಹಿಡಿ ಅರಿಶಿನ ತಾಳಲಾರದ ಹಾಗೆ ನಾವೆಲ್ಲ ಸೇರಿ ಮಾಡಿಬಿಟ್ಟೆವಲ್ಲ ಎನ್ನುವುದು ಮನಸ್ಸಿನಿಂದ ಹೋಗುತ್ತಿಲ್ಲ. ಮೊಮ್ಮಗು ಗಟ್ಟಿಮುಟ್ಟಾಗಿದೆ. ಆದರೂ ಅದಕ್ಕೊಂದು ಕೆಮ್ಮು ಬಂದರೆ ಸಾಕು, ಅತ್ತೆಯವರು ನನ್ನ ಮುಖ ನೋಡುತ್ತಾರೆ.

ಕಾವೇರಿ ನೀರು ಬಿಡುವ ದಿನ ಅಂಗಳದ ನಲ್ಲಿಗೆ ಕುಂಕುಮ ಇಟ್ಟು, ಕೈಮುಗಿದು ನಿಲ್ಲುತ್ತಾರೆ. “ನಿನ್ನ ಬಾಗಿನ ನಿನಗೆ ಮುಟ್ಟಲಿಲ್ಲ ತಾಯೀ. ಮಗು ಮೇಲೆ ಕೋಪ ಮಾಡ್ಕೋಬೇಡ.” ಅಡುಗೆಮನೆಯಲ್ಲಿ ನನಗೆ ಕೇಳಿಸುತ್ತದೆ. ಅವರು ಮುಗಿಸಿ ಒಳಗೆ ಬರುವವರೆಗೆ ನಾನು ಬಿಂದಿಗೆ ತೆಗೆದುಕೊಂಡು ಹೊರಗೆ ಹೋಗುವುದಿಲ್ಲ.